ಓಡುವ ವಾಹನದಲ್ಲಿ ಹೃದಯದ ಕಾವಲು

ಮಂಗಳೂರಿನ ಪಂಪ್‌ವೆಲ್ ವೃತ್ತದಲ್ಲಿ ಆಂಬುಲೆನ್ಸಿನ ಸೈರನ್ ಕೇಳಿಸದ ದಿನವಿಲ್ಲ. ತಲಪಾಡಿಯನ್ನು ದಾಟಿ ಕಾಸರಗೋಡಿನ ಕಡೆಯಿಂದ ಬರುವ ವಾಹನಗಳೂ ಘಟ್ಟವನ್ನಿಳಿದು ಬಿ.ಸಿ. ರೋಡಿನ ಮಾರ್ಗವಾಗಿ ಬರುವ ವಾಹನಗಳೂ ಇಲ್ಲಿಗೆ ಬಂದು ನಗರವನ್ನು ಹೊಗುತ್ತವೆ. ಆ ಧ್ವನಿ ಕಿವಿಗೆ ಬಿದ್ದೊಡನೆ ಬಸ್ಸುಗಳು ಬದಿಗೆ ಸರಿಯುತ್ತವೆ. ರಿಕ್ಷಾದವರು ಕೈಸನ್ನೆ ಮಾಡಿ ಹಿಂದಿನವರನ್ನು ತಡೆಯುತ್ತಾರೆ. ವಾಹನವು ಕಣ್ಮರೆಯಾದ ಮೇಲೆ ನೆರೆದವರ ಬಾಯಿಂದ ಹೊರಡುವ ಮಾತು ಒಂದೇ: "ಎಷ್ಟು ಬೇಗ ಹೋಯಿತು!"

ಈ ಉದ್ಗಾರದಲ್ಲಿ ತಪ್ಪೇನೂ ಇಲ್ಲ. ಆದರೆ ಆಂಬುಲೆನ್ಸಿನ ಯೋಗ್ಯತೆಯನ್ನು ಅಳೆಯಲು ಜನರ ಬಳಿ ಇರುವುದು ವೇಗವೆಂಬ ಅಳತೆಗೋಲು ಒಂದೇ. 2019ರ ಏಪ್ರಿಲ್ ತಿಂಗಳಲ್ಲಿ ಹೃದ್ರೋಗದಿಂದ ಬಳಲುತ್ತಿದ್ದ ಹದಿನೈದು ದಿನಗಳ ಹಸುಳೆಯೊಂದನ್ನು ಮಂಗಳೂರಿನಿಂದ ಕೊಚ್ಚಿಗೆ ಆಂಬುಲೆನ್ಸಿನಲ್ಲಿ ಒಯ್ಯಲಾಯಿತು. ಸುಮಾರು 400 ಕಿಲೋಮೀಟರುಗಳ ದಾರಿಯನ್ನು ಆ ವಾಹನವು ಐದೂವರೆ ಗಂಟೆಗಳಲ್ಲಿ ಕ್ರಮಿಸಿತು. ದಾರಿಯುದ್ದಕ್ಕೂ ಊರೂರಿನ ಜನರು ಸಂಚಾರವನ್ನು ತಡೆದು ಎಡೆಮಾಡಿಕೊಟ್ಟರು. ಅದು ಪ್ರಶಂಸಾರ್ಹವಾದ ಕಾರ್ಯವೇ ಸರಿ. ಜನರು ಬಹುಕಾಲ ಕೊಂಡಾಡಿದುದು ಚಾಲಕನ ಚಾತುರ್ಯವನ್ನು, ದಾರಿಬಿಟ್ಟವರ ಸೌಜನ್ಯವನ್ನು. ಅಂತಹ ಪ್ರಯಾಣದಲ್ಲಿ ವಾಹನದ ಹಿಂಭಾಗದಲ್ಲಿ ಕುಳಿತು ಪುಟ್ಟ ಎದೆಯ ಬಡಿತವನ್ನು ಗಂಟೆಗಟ್ಟಲೆ ಕಾಯಬೇಕಾದವರ ಕೆಲಸವೇನೆಂದು ಕೇಳಿದವರು ವಿರಳ.

ಹೃದಯದ ರೋಗಿಗೆ ಆಂಬುಲೆನ್ಸು ಆಸ್ಪತ್ರೆಯ ಮೊದಲ ಕೊಠಡಿಯಾಗಬೇಕು. ಆ ಕೊಠಡಿಯಲ್ಲಿ ಹೃದಯದ ಗತಿಯನ್ನು ತೋರಿಸುವ ಯಂತ್ರವಿರಬೇಕು. ಯಂತ್ರವು ತೋರಿಸುವುದನ್ನು ಅರಿಯಬಲ್ಲ ಮನುಷ್ಯನಿರಬೇಕು. ಇವೆರಡೂ ಇಲ್ಲದ ವಾಹನವು ಎಷ್ಟೇ ವೇಗವಾಗಿ ಓಡಿದರೂ ಒಂದು ಬಾಡಿಗೆಯ ಕಾರು ಮಾಡುವುದಕ್ಕಿಂತ ಹೆಚ್ಚಿನ ಉಪಕಾರವನ್ನು ಮಾಡಲಾರದು.

ಇದರ ಮರ್ಮವನ್ನು ತಿಳಿಯಬೇಕಾದರೆ ಹೃದಯದ ಕಾರ್ಯವಿಧಾನವನ್ನು ಕೊಂಚ ಗಮನಿಸಬೇಕು. ಮುಷ್ಟಿಯ ಗಾತ್ರದ ಈ ಅವಯವವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುತ್ತದೆ. ಪ್ರತಿಯೊಂದು ಮಿಡಿತಕ್ಕೂ ಮುನ್ನ ಬಲ ಹೃತ್ಕರ್ಣದಲ್ಲಿರುವ ಒಂದು ಪುಟ್ಟ ಅಂಗಾಂಶದ ಗಂಟಿನಿಂದ ಕ್ಷೀಣವಾದ ವಿದ್ಯುತ್ತು ಹೊರಡುತ್ತದೆ. ಅದು ಹೃತ್ಕರ್ಣಗಳನ್ನು ವ್ಯಾಪಿಸಿ, ಕ್ಷಣಮಾತ್ರ ತಡೆದು, ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿದು ಅವುಗಳನ್ನು ಸಂಕೋಚಗೊಳಿಸುತ್ತದೆ. ಈ ವಿದ್ಯುತ್ತಿನ ಛಾಯೆಯು ಚರ್ಮದವರೆಗೂ ಬರುತ್ತದೆ. ಎದೆಗೂ ಕೈಕಾಲುಗಳಿಗೂ ಅಂಟಿಸಿದ ಪಟ್ಟಿಗಳು ಅದನ್ನು ಹಿಡಿದು ಯಂತ್ರಕ್ಕೆ ಒಪ್ಪಿಸುತ್ತವೆ. ಯಂತ್ರವು ಅದನ್ನು ಏರಿಳಿಯುವ ಗೆರೆಯಾಗಿ ಬರೆಯುತ್ತದೆ. ಇದೇ ಇ.ಸಿ.ಜಿ. ಎಂಬ ಹೆಸರಿನಿಂದ ಮನೆಮಾತಾಗಿರುವ ಹೃದಯ ವಿದ್ಯುಲ್ಲೇಖ. ಕಾಗದವು ಸೆಕೆಂಡಿಗೆ 25 ಮಿಲಿಮೀಟರಿನಂತೆ ಸರಿಯುವುದರಿಂದ ಅದರ ಮೇಲಿನ ಒಂದೊಂದು ಸಣ್ಣ ಚೌಕವೂ ಒಂದು ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗ. ಅಷ್ಟು ಸೂಕ್ಷ್ಮವಾದ ಕಾಲವನ್ನು ಕಣ್ಣಿಂದ ಎಣಿಸಬಹುದೆಂಬುದೇ ಒಂದು ಸೋಜಿಗ.

ಹೃದಯಕ್ಕೆ ಬರುವ ವಿಪತ್ತುಗಳಲ್ಲಿ ಎರಡನ್ನು ಜನರು ಒಂದೇ ಎಂದು ಭ್ರಮಿಸುತ್ತಾರೆ. ಹೃದಯದ ಮಾಂಸಖಂಡಕ್ಕೆ ರಕ್ತವನ್ನು ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತರೆ ಅದು ಹೃದಯಾಘಾತ. ಆಗ ರೋಗಿಗೆ ಎಚ್ಚರವಿರಬಹುದು. ಅವನು ಮಾತನಾಡುತ್ತಲೂ ಇರಬಹುದು. ಹೃದಯವು ರಕ್ತವನ್ನು ತಳ್ಳುವುದನ್ನೇ ಹಠಾತ್ತನೆ ನಿಲ್ಲಿಸಿದರೆ ಅದು ಹೃದಯಸ್ತಂಭನ. ಅಂತಹವನು ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಮೊದಲನೆಯದು ಯಾವ ಗಳಿಗೆಯಲ್ಲಾದರೂ ಎರಡನೆಯದಕ್ಕೆ ತಿರುಗಬಹುದು. ಹಾಗೆ ತಿರುಗುವಾಗ ಅನೇಕ ವೇಳೆ ಹೃತ್ಕುಕ್ಷಿಗಳ ವಿದ್ಯುತ್ತು ಅಂಕೆತಪ್ಪಿ, ಹೃದಯವು ಮಿಡಿಯುವುದನ್ನು ಬಿಟ್ಟು ಬರಿದೆ ಅದುರತೊಡಗುತ್ತದೆ. ಎದೆಯ ಮೂಲಕ ಒಮ್ಮೆ ಬಲವಾದ ವಿದ್ಯುತ್ತನ್ನು ಹಾಯಿಸಿ ಈ ಅದುರುವಿಕೆಯನ್ನು ನಿಲ್ಲಿಸುವ ಉಪಕರಣವೇ ಡಿಫಿಬ್ರಿಲೇಟರ್. ಎದೆಯನ್ನು ಒತ್ತುವ ಉಪಚಾರವೂ ಇಲ್ಲದೆ ಈ ಸ್ಥಿತಿಯಲ್ಲಿ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಂಭವವು ನೂರಕ್ಕೆ ಏಳರಿಂದ ಹತ್ತರಷ್ಟು ಕುಗ್ಗುತ್ತದೆಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಹೀಗಿರುವಲ್ಲಿ ಅರ್ಧ ಗಂಟೆಯ ದಾರಿಯನ್ನು ಇಪ್ಪತ್ತು ನಿಮಿಷಗಳಲ್ಲಿ ಓಡಿಸಿದರೂ ಫಲವೇನು? ಉಪಕರಣವು ರೋಗಿಯ ಮಗ್ಗುಲಲ್ಲಿಯೇ ಇರಬೇಕು.

ಈ ಸತ್ಯವನ್ನು ಮನಗಂಡು ಮೊದಲು ಕಾರ್ಯಗತ ಮಾಡಿದವರಲ್ಲಿ ಅಗ್ರಗಣ್ಯರು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ವೈದ್ಯ ಫ್ರಾಂಕ್ ಪ್ಯಾಂಟ್ರಿಜ್. ಹೃದಯಾಘಾತಕ್ಕೆ ಒಳಗಾದವರಲ್ಲಿ ಹಲವರು ಆಸ್ಪತ್ರೆಯ ಮೆಟ್ಟಿಲನ್ನು ಹತ್ತುವ ಮೊದಲೇ ಸಾಯುತ್ತಿರುವುದನ್ನು ಅವರು ಕಂಡರು. ಆಸ್ಪತ್ರೆಯೊಳಗೆ ಎಷ್ಟು ಯಂತ್ರಗಳಿದ್ದರೇನು, ಅವು ಸತ್ತವನಿಗೆ ದಕ್ಕುವುದಿಲ್ಲವಷ್ಟೆ. ಅವರು ಕಾರಿನ ಬ್ಯಾಟರಿಗಳಿಂದ ನಡೆಯುವ ಡಿಫಿಬ್ರಿಲೇಟರೊಂದನ್ನು ಸಿದ್ಧಪಡಿಸಿ, 1966ರಲ್ಲಿ ಅದನ್ನು ಆಂಬುಲೆನ್ಸಿಗೇರಿಸಿ ರೋಗಿಯ ಮನೆಬಾಗಿಲಿಗೆ ಕಳುಹಿಸಿದರು. ಆ ಉಪಕರಣದ ತೂಕ ಸುಮಾರು 70 ಕಿಲೋಗ್ರಾಂ! ಕೆಲವೇ ವರ್ಷಗಳಲ್ಲಿ ಅದು ಒಂದೇ ಕೈಯಲ್ಲಿ ಎತ್ತುವಷ್ಟು ಹಗುರವಾಯಿತು. ಇಂದು ಆಂಬುಲೆನ್ಸುಗಳಲ್ಲಿ ಕಾಣುವ ಪೆಟ್ಟಿಗೆಯಂತಹ ಯಂತ್ರವು ಅದರ ವಂಶಕ್ಕೆ ಸೇರಿದುದು.

ಕರ್ನಾಟಕದಲ್ಲಿ 108 ಸಂಖ್ಯೆಯ 'ಆರೋಗ್ಯ ಕವಚ' ಸೇವೆಯು 2008ರ ನವೆಂಬರ್ 1ರಂದು ಪ್ರಾರಂಭವಾಯಿತು. ಅದಕ್ಕೂ ಮೂರು ವರ್ಷ ಮುಂಚೆ, 2005ರಲ್ಲಿ, ಹೈದರಾಬಾದಿನಲ್ಲಿ ಈ ಪದ್ಧತಿ ಆರಂಭಗೊಂಡಿತ್ತು. ಈ ವಾಹನಗಳಲ್ಲಿ ಎರಡು ಬಗೆಗಳುಂಟು. ಮೂಲಭೂತ ಜೀವರಕ್ಷಕ ವಾಹನದಲ್ಲಿ ಆಮ್ಲಜನಕ, ಗಾಯಕ್ಕೆ ಕಟ್ಟುವ ಸಾಮಗ್ರಿ ಮೊದಲಾದುವು ಇರುತ್ತವೆ. ಉನ್ನತ ಜೀವರಕ್ಷಕ ವಾಹನದಲ್ಲಿ ಇವುಗಳೊಂದಿಗೆ ಹೃದಯದ ಮಾನಿಟರ್, ಡಿಫಿಬ್ರಿಲೇಟರ್ ಮತ್ತು ಕೃತಕ ಉಸಿರಾಟದ ಯಂತ್ರವಿರುತ್ತವೆ. ಒಳಗೆ ಇಬ್ಬರೇ: ಚಾಲಕ ಮತ್ತು ತುರ್ತು ಚಿಕಿತ್ಸಾ ತಂತ್ರಜ್ಞ. ಎದೆನೋವೆಂದು ಕರೆ ಬಂದ ಮನೆಗೆ ಹೋದಾಗ ಈ ತಂತ್ರಜ್ಞನು ಮಾಡಬೇಕಾದ ಕೆಲಸಗಳು ಒಂದೆರಡಲ್ಲ. ನಾಡಿಯನ್ನು ಹಿಡಿಯಬೇಕು, ರಕ್ತದೊತ್ತಡವನ್ನು ನೋಡಬೇಕು, ನೋವು ಎಂದಿನಿಂದ ಎಂದು ಕೇಳಬೇಕು, ಅಳುತ್ತಿರುವ ಮನೆಯವರನ್ನು ಸಮಾಧಾನಪಡಿಸಬೇಕು, ಇಷ್ಟರ ನಡುವೆಯೇ ಎದೆಗೆ ಪಟ್ಟಿಗಳನ್ನು ಅಂಟಿಸಬೇಕು. ರೋಗಿಯನ್ನು ಮೊದಲು ಕಂಡ ಹತ್ತು ನಿಮಿಷಗಳೊಳಗೆ ಇ.ಸಿ.ಜಿ. ತೆಗೆಯಬೇಕೆಂಬುದು ಜಗತ್ತಿನಾದ್ಯಂತ ವೈದ್ಯರು ಒಪ್ಪಿದ ನಿಯಮ.

ಪಟ್ಟಿ ಅಂಟಿಸುವುದೊಂದು ಕೆಲಸವೇ ಎಂದು ಕೇಳುವವರು ಕರಾವಳಿಯ ಬೇಸಗೆಯನ್ನು ನೆನೆಯಬೇಕು. ಏಪ್ರಿಲ್–ಮೇ ತಿಂಗಳುಗಳ ಮಂಗಳೂರಿನಲ್ಲಿ ಆರೋಗ್ಯವಂತನ ಮೈಯೇ ಬೆವರಿನಿಂದ ತೊಯ್ದಿರುತ್ತದೆ. ಹೃದಯಾಘಾತದ ರೋಗಿಯಂತೂ ತಣ್ಣನೆಯ ಬೆವರಿನಲ್ಲಿ ಮಿಂದಿರುತ್ತಾನೆ. ಒದ್ದೆಯಾದ ಚರ್ಮದ ಮೇಲೆ ಪಟ್ಟಿ ನಿಲ್ಲುವುದಿಲ್ಲ. ಬಟ್ಟೆಯಿಂದ ಒರೆಸಿ, ದಟ್ಟವಾದ ರೋಮವಿದ್ದರೆ ತೆಗೆದು, ಆಮೇಲೆ ಅಂಟಿಸಬೇಕು. ಆಟಿಯ ಮಳೆಯಲ್ಲಿ ಅಂಗಳದಿಂದ ವಾಹನಕ್ಕೆ ಎತ್ತಿ ತಂದ ರೋಗಿಯ ಎದೆಯನ್ನು ಒಣಗಿಸದೆ ವಿದ್ಯುದಾಘಾತ ಕೊಟ್ಟರೆ, ವಿದ್ಯುತ್ತು ಹೃದಯವನ್ನು ಸರಿಯಾಗಿ ಮುಟ್ಟದೆ ಚರ್ಮದ ಮೇಲಿನ ನೀರಿನಲ್ಲಿಯೇ ಹರಿದುಹೋಗುವುದುಂಟು. ಒಂದು ತುಂಡು ಒಣಬಟ್ಟೆಯೂ ಇಲ್ಲಿ ಉಪಕರಣವೇ.

ಇನ್ನು ರಸ್ತೆಯ ಮಾತು. ವಾಹನವು ಹೊಂಡಕ್ಕಿಳಿದು ಕುಲುಕಿದಾಗ ತಂತಿಗಳು ಅಲುಗಾಡಿ ಪರದೆಯ ಮೇಲಿನ ಗೆರೆ ಅಡ್ಡಾದಿಡ್ಡಿಯಾಗುತ್ತದೆ. ಅದನ್ನು ಕಂಡ ಅನನುಭವಿಯು ಹೃದಯವೇ ಅದುರುತ್ತಿದೆಯೆಂದು ಭಾವಿಸಿಬಿಡಬಹುದು. ರೋಗಿಯೋ ಕಣ್ಣು ತೆರೆದು ನೀರು ಕೇಳುತ್ತಿರುತ್ತಾನೆ! ಪರದೆಯನ್ನು ನಂಬುವ ಮೊದಲು ರೋಗಿಯ ಮುಖವನ್ನು ನೋಡಬೇಕು, ಕೊರಳ ನಾಡಿಯನ್ನು ಮುಟ್ಟಬೇಕು. ಇದಕ್ಕೆ ವಿಪರ್ಯಯವೂ ಉಂಟು. ಪರದೆಯ ಮೇಲೆ ಗೆರೆಯು ಅಂದವಾಗಿ ಓಡುತ್ತಿದ್ದರೂ ಹೃದಯದ ಸ್ನಾಯು ರಕ್ತವನ್ನು ತಳ್ಳದಿರುವ ಸ್ಥಿತಿಯೊಂದಿದೆ. ಆಗ ಯಂತ್ರವನ್ನೇ ನೆಚ್ಚಿ ಕುಳಿತವನು ಸತ್ತವನನ್ನು ಬದುಕಿರುವನೆಂದು ತಿಳಿದಾನು. ಚಲನಚಿತ್ರಗಳು ಹರಡಿರುವ ಒಂದು ತಪ್ಪನ್ನೂ ಇಲ್ಲಿ ಹೇಳಬೇಕಾಗುತ್ತದೆ. ಗೆರೆಯು ನೇರವಾದೊಡನೆ ನಾಯಕನಿಗೆ ವಿದ್ಯುದಾಘಾತ ಕೊಟ್ಟು ಎಬ್ಬಿಸುವ ದೃಶ್ಯವನ್ನು ಕಾಣದವರಿಲ್ಲ. ವಾಸ್ತವದಲ್ಲಿ ಗೆರೆ ನೇರವಾಗಿದ್ದರೆ ಆ ಆಘಾತದಿಂದ ಪ್ರಯೋಜನವಿಲ್ಲ. ಅದುರುತ್ತಿರುವ ಹೃದಯಕ್ಕೆ ಮಾತ್ರ ಅದು ಮದ್ದು. ನೇರ ಗೆರೆಗೆ ಬೇಕಾದುದು ಎದೆಯನ್ನು ಒತ್ತುವ ಎರಡು ಕೈಗಳು ಮತ್ತು ಔಷಧ. ಯಾವುದು ಯಾವುದೆಂದು ಒಂದೆರಡು ಕ್ಷಣಗಳಲ್ಲಿ ನಿರ್ಣಯಿಸುವ ಹೊಣೆ ಆ ಒಬ್ಬ ತಂತ್ರಜ್ಞನದು.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿ ಏಳುತ್ತದೆ. ಮಂಗಳೂರು ಆಸ್ಪತ್ರೆಗಳ ನಗರ. 1848ರಲ್ಲಿ ಸ್ಥಾಪಿತವಾದ ಸರಕಾರಿ ವೆನ್ಲಾಕ್ ಆಸ್ಪತ್ರೆಯಿದೆ, 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಕಂಕನಾಡಿಯಲ್ಲಿ, ದೇರಳಕಟ್ಟೆಯಲ್ಲಿ ಬೇರೆ ವೈದ್ಯಕೀಯ ಕಾಲೇಜುಗಳಿವೆ. ಇಷ್ಟು ಹತ್ತಿರದಲ್ಲಿ ಇಷ್ಟೊಂದು ಆಸ್ಪತ್ರೆಗಳಿರುವಾಗ ರೋಗಿಯ ಮನೆಯಲ್ಲಿ ನಿಂತು ಹತ್ತು ನಿಮಿಷ ಯಂತ್ರ ಜೋಡಿಸುತ್ತಾ ಕೂರುವುದೇಕೆ, ಎತ್ತಿಕೊಂಡು ಓಡಬಾರದೆ? ರಸ್ತೆ ಅಪಘಾತದಲ್ಲಿ ಒಳಗೊಳಗೇ ರಕ್ತ ಸುರಿಯುತ್ತಿರುವ ಗಾಯಾಳುವಿನ ವಿಷಯದಲ್ಲಿ ಈ ಮಾತು ಸಂಪೂರ್ಣ ಸತ್ಯ. ಅವನಿಗೆ ಬೇಕಾದುದು ಶಸ್ತ್ರಚಿಕಿತ್ಸೆ, ಅದು ವಾಹನದಲ್ಲಿ ಸಾಧ್ಯವಿಲ್ಲ. ಆದರೆ ಎದೆನೋವಿನ ರೋಗಿಯ ವಿಷಯ ಬೇರೆ. ಮನೆಯಲ್ಲಿ ಕಳೆದ ಆ ಹತ್ತು ನಿಮಿಷಗಳಲ್ಲಿ ದೊರೆತ ವಿದ್ಯುಲ್ಲೇಖವು, ನಾಳ ಪೂರ್ತಿ ಮುಚ್ಚಿದೆಯೇ ಇಲ್ಲವೇ ಎಂಬುದನ್ನು ಬಹುಮಟ್ಟಿಗೆ ತಿಳಿಸಿಬಿಡುತ್ತದೆ. ಮುಚ್ಚಿದ್ದರೆ ಅವನನ್ನು ಹತ್ತಿರದ ಯಾವುದೋ ಆಸ್ಪತ್ರೆಗೆ ಒಯ್ದು, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಅಲೆಸುವ ಬದಲು, ನಾಳವನ್ನು ತೆರೆಯುವ ಸೌಕರ್ಯ ಸಿದ್ಧವಾಗಿರುವಲ್ಲಿಗೇ ನೇರವಾಗಿ ಒಯ್ಯಬಹುದು. ವಾಹನ ದಾರಿಯಲ್ಲಿರುವಾಗಲೇ ಅಲ್ಲಿನ ವೈದ್ಯರಿಗೆ ಸುದ್ದಿ ಮುಟ್ಟಿಸಬಹುದು. ಮನೆಯಲ್ಲಿ ತಡೆದ ಹತ್ತು ನಿಮಿಷಗಳು ಆಸ್ಪತ್ರೆಯ ಬಾಗಿಲಲ್ಲಿ ಅದಕ್ಕಿಂತ ಹೆಚ್ಚಾಗಿ ಹಿಂದಿರುಗುತ್ತವೆ.

ಹಳ್ಳಿಗಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಮೊದಲ ತಪಾಸಣೆಯಿಂದ ಎರಡು ಗಂಟೆಗಳೊಳಗೆ ನಾಳವನ್ನು ತೆರೆಯುವ ಆಸ್ಪತ್ರೆಯನ್ನು ಮುಟ್ಟಿ ಚಿಕಿತ್ಸೆ ಪಡೆಯುವುದು ಸಾಧ್ಯವಾಗದಿದ್ದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಮೊದಲೇ ಕೊಡಬೇಕು. ಸುಳ್ಯ, ಬೆಳ್ತಂಗಡಿಗಳ ಒಳನಾಡಿನಿಂದ ಮಳೆಗಾಲದಲ್ಲಿ ಹೊರಟವರಿಗೆ ಎರಡು ಗಂಟೆಗಳು ದೊಡ್ಡ ಅವಧಿಯಲ್ಲ. ಆದರೆ ಆ ಚುಚ್ಚುಮದ್ದು ಅಪಾಯಕಾರಿಯೂ ಹೌದು. ಇತ್ತೀಚೆಗೆ ಮೆದುಳಿನಲ್ಲಿ ರಕ್ತಸ್ರಾವವಾದವರಿಗೆ ಕೊಟ್ಟರೆ ಪ್ರಾಣಕ್ಕೇ ಎರವಾದೀತು. ವಿದ್ಯುಲ್ಲೇಖವನ್ನು ನೋಡಿ ತಜ್ಞನು ಒಪ್ಪಿಗೆ ಕೊಡಬೇಕು. ತಜ್ಞನಿರುವುದು ನಗರದಲ್ಲಿ, ರೋಗಿಯಿರುವುದು ಕಾಡಿನಂಚಿನಲ್ಲಿ.

ಈ ತೊಡಕಿಗೆ ನೂರು ವರ್ಷಗಳಿಗೂ ಹಿಂದೆಯೇ ಹಾಲೆಂಡಿನ ಲೈಡನ್ ನಗರದಲ್ಲಿ ಒಂದು ದಾರಿ ಕಾಣಿಸಿತ್ತು. ಇ.ಸಿ.ಜಿ. ಯಂತ್ರದ ಜನಕನಾದ ವಿಲ್ಲೆಮ್ ಐಂಟ್‌ಹೋವನ್ ನಿರ್ಮಿಸಿದ ಯಂತ್ರವು ಕೋಣೆಯನ್ನೇ ತುಂಬುವಷ್ಟು ದೊಡ್ಡದು. ಅದನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ಆದುದರಿಂದ ಆತನು ಆಸ್ಪತ್ರೆಯಿಂದ ತನ್ನ ಪ್ರಯೋಗಾಲಯದವರೆಗೆ, ಸುಮಾರು ಒಂದೂವರೆ ಕಿಲೋಮೀಟರು ದೂರ, ದೂರವಾಣಿಯ ತಂತಿಯಲ್ಲಿ ರೋಗಿಯ ಹೃದಯದ ವಿದ್ಯುತ್ತನ್ನು ತರಿಸಿಕೊಂಡನು. ಆತನಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರ ಸುಮಾರಿಗೆ ಕೈಗೊಂಡ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ಕಾರ್ಯವು ಇದೇ ಯೋಚನೆಯ ಇಂದಿನ ರೂಪ. ದಾನಿಗಳ ನೆರವಿನಿಂದ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಅಲ್ಲಿ ತೆಗೆದ ವಿದ್ಯುಲ್ಲೇಖದ ಚಿತ್ರವನ್ನು ವಾಟ್ಸ್ಆ್ಯಪ್ ಮೂಲಕ ತರಿಸಿಕೊಂಡು, ನಗರದಲ್ಲಿರುವ ತಜ್ಞರು ಕೂಡಲೇ ಸಲಹೆ ಕೊಡುವ ಏರ್ಪಾಡು ಅದು. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ಹೃದಯದ ತೊಂದರೆಯಿಂದ ಅಕಾಲಿಕವಾಗಿ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ರಾಜ್ಯ ಸರಕಾರವು ರೂಪಿಸಿದ 'ಹೃದಯ ಜ್ಯೋತಿ' ಯೋಜನೆಯೂ ಇದೇ ಜಾಡಿನದು. ತಾಲ್ಲೂಕು ಆಸ್ಪತ್ರೆಯಲ್ಲಿ ವಿದ್ಯುಲ್ಲೇಖ ತೆಗೆದು, ದೂರದ ತಜ್ಞರಿಂದ ಓದಿಸಿ, ಹೊರಗೆ ಸಾವಿರಾರು ರೂಪಾಯಿ ಬೆಲೆಬಾಳುವ ಆ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶ. ಆರೋಗ್ಯ ಕೇಂದ್ರಕ್ಕೆ ಸಾಧ್ಯವಾದುದು ಅದರ ಅಂಗಳದಲ್ಲಿ ನಿಂತಿರುವ ಆಂಬುಲೆನ್ಸಿಗೆ ಏಕೆ ಸಾಧ್ಯವಾಗಬಾರದು? ಕೈಚೀಲದಲ್ಲಿ ಹಿಡಿಸುವ ಯಂತ್ರಗಳು ಈಗ ಬಂದಿವೆ. ಉನ್ನತ ಬಗೆಯ ವಾಹನವನ್ನು ಊರೂರಿಗೂ ಕೊಡುವಷ್ಟು ಹಣವಿಲ್ಲವೆಂಬುದು ನಿಜವಿರಬಹುದು. ಮೂಲಭೂತ ವಾಹನಕ್ಕೆ ಒಂದು ಸಣ್ಣ ಇ.ಸಿ.ಜಿ. ಯಂತ್ರವನ್ನೂ, ಹೃದಯದ ಗತಿಯನ್ನು ತಾನೇ ಓದಿ ಸೂಚನೆ ಕೊಡುವ ಸ್ವಯಂಚಾಲಿತ ಡಿಫಿಬ್ರಿಲೇಟರನ್ನೂ ಕೊಡಲು ಅಷ್ಟು ಹಣ ಬೇಕಿಲ್ಲ.

ಇವೆಲ್ಲವೂ ಇದ್ದರೂ ಕರೆಯೇ ಬಾರದಿದ್ದರೆ? ಕರಾವಳಿಯ ಮನೆಗಳಲ್ಲಿ ಎದೆ ಬಿಗಿಯಾದರೆ ಮೊದಲು ಹೊಳೆಯುವುದು 'ಗ್ಯಾಸ್' ಎಂಬ ಶಬ್ದ. ಜೀರಿಗೆಯ ಕಷಾಯವಾಗುತ್ತದೆ, ಸೋಡಾ ಬರುತ್ತದೆ, ಬೆನ್ನು ತಿಕ್ಕುವುದಾಗುತ್ತದೆ. ಹೀಗೆ ಒಂದೆರಡು ಗಂಟೆಗಳು ಸಂದಮೇಲೆ ನೆರೆಮನೆಯ ರಿಕ್ಷಾ ಬರುತ್ತದೆ. ಆ ರಿಕ್ಷಾದವನ ಪರೋಪಕಾರ ಬುದ್ಧಿ ದೊಡ್ಡದು. ನಡುರಾತ್ರಿಯಲ್ಲಿ ಬಾಡಿಗೆಯ ಮಾತೆತ್ತದೆ ಓಡಿ ಬರುವವರು ತುಳುನಾಡಿನಲ್ಲಿ ಎಷ್ಟೋ ಮಂದಿ. ಆದರೆ ಹಿಂದಿನ ಸೀಟಿನಲ್ಲಿ ಕುಳಿತೇ ರೋಗಿಯ ಹೃದಯ ಅದುರತೊಡಗಿದರೆ, ಅವನನ್ನು ಮಲಗಿಸುವಷ್ಟೂ ಎಡೆ ಅಲ್ಲಿರುವುದಿಲ್ಲ. ವಾಹನ ಮೊದಲು ಯಾವುದು ಸಿಕ್ಕಿತೋ ಅದನ್ನು ಹತ್ತುವ ಅಭ್ಯಾಸಕ್ಕೆ ಆಂಬುಲೆನ್ಸು ತಡವಾಗಿ ಬರುವುದೆಂಬ ಅಪನಂಬಿಕೆಯೂ ಕಾರಣ. ಅದು ಕೆಲವೆಡೆ ನಿರಾಧಾರವಲ್ಲ ಎಂಬುದನ್ನೂ ಒಪ್ಪಬೇಕು. ದಾರಿಯೇ ಮುಚ್ಚಿಹೋದರಂತೂ ಮಾತೇ ಇಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಸೋಂಕಿನ ಭೀತಿಯಿಂದ ತಲಪಾಡಿಯ ಗಡಿಯನ್ನು ಮುಚ್ಚಿದಾಗ, ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಮಂಜೇಶ್ವರ, ಕಾಸರಗೋಡುಗಳ ರೋಗಿಗಳು ಕಂಗೆಟ್ಟರು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಕಟ್ಟಕಡೆಗೆ ಉಳಿಯುವುದು ಯಂತ್ರದ ಬಳಿ ಕುಳಿತ ಮನುಷ್ಯನ ಪ್ರಶ್ನೆ. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ 1967ರಲ್ಲಿ 'ಫ್ರೀಡಂ ಹೌಸ್' ಎಂಬ ಆಂಬುಲೆನ್ಸ್ ಸೇವೆ ಹುಟ್ಟಿತು. ಕೆಲಸವಿಲ್ಲದೆ ಅಲೆಯುತ್ತಿದ್ದ ಬಡ ಕರಿಯ ತರುಣರನ್ನು ಕೂಡಿಹಾಕಿ, ಡಾ. ಪೀಟರ್ ಸಾಫರ್ ಅವರು ಅವರಿಗೆ ತಿಂಗಳುಗಟ್ಟಲೆ ತುರ್ತು ಚಿಕಿತ್ಸೆಯ ಶಿಕ್ಷಣ ಕೊಡಿಸಿದರು. ಅವರಲ್ಲಿ ಕೆಲವರು ಪ್ರೌಢಶಾಲೆಯನ್ನೂ ಮುಗಿಸಿರಲಿಲ್ಲ. ಆದರೂ ವೈದ್ಯರು ಮಾತ್ರ ಮಾಡಬಲ್ಲರೆಂದು ತಿಳಿದಿದ್ದ ಅನೇಕ ಕೆಲಸಗಳನ್ನು ಅವರು ಬೀದಿಯಲ್ಲಿ ನಿಂತು ಮಾಡಿ ತೋರಿಸಿದರು. ನಗರಾಡಳಿತವು ಬೇರೆ ವ್ಯವಸ್ಥೆ ಮಾಡಿಕೊಂಡು 1975ರಲ್ಲಿ ಆ ಸೇವೆಯನ್ನು ಕೊನೆಗೊಳಿಸಿತು. ಬಹುಕಾಲದವರೆಗೆ ಅವರ ಹೆಸರನ್ನು ಹೇಳುವವರೇ ಇರಲಿಲ್ಲ. ಪದವಿಗಿಂತ ಅಭ್ಯಾಸವು ಈ ಕೆಲಸಕ್ಕೆ ಮುಖ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಅಭ್ಯಾಸವಾದರೋ ಒಮ್ಮೆ ಕಲಿತರೆ ನಿಲ್ಲುವಂಥದಲ್ಲ. ವಿದ್ಯುಲ್ಲೇಖವನ್ನು ಓದುವ ಕಣ್ಣು ಆರು ತಿಂಗಳು ಓದದಿದ್ದರೆ ಮಂಕಾಗುತ್ತದೆ. ಎಲ್ಲರ ವೇಗವನ್ನೂ ಹೊಗಳುವ ಸಮಾಜವು ಈ ತಂತ್ರಜ್ಞರ ಸಂಬಳ ತಿಂಗಳು ತಿಂಗಳಿಗೆ ಬರುತ್ತಿದೆಯೇ, ಇಡೀ ರಾತ್ರಿ ದುಡಿದವನಿಗೆ ಹಗಲು ವಿರಾಮವಿದೆಯೇ ಎಂದು ವಿಚಾರಿಸುವುದು ಅಪೂರ್ವ. ಅನುಭವಿಯು ಬೇಸತ್ತು ಬೇರೆ ಕೆಲಸಕ್ಕೆ ಹೋದರೆ ಅವನೊಂದಿಗೆ ಆ ಕಣ್ಣೂ ಹೋಗುತ್ತದೆ. ಹೊಸ ಯಂತ್ರವನ್ನು ಕೊಂಡಂತೆ ಅದನ್ನು ಕೊಳ್ಳಲಾಗದು.

ಯಂತ್ರದ ಯೋಗಕ್ಷೇಮವೂ ಹಾಗೆಯೇ. ಉದ್ಘಾಟನೆಯ ದಿನ ಹಾರ ಹಾಕಿಸಿಕೊಂಡ ವಾಹನದೊಳಗಿನ ಡಿಫಿಬ್ರಿಲೇಟರಿನ ಬ್ಯಾಟರಿಗೆ ಆಯುಷ್ಯವುಂಟು. ಎದೆಗೆ ಅಂಟಿಸುವ ಪಟ್ಟಿಗಳ ಲಕೋಟೆಯ ಮೇಲೆ ಅವಧಿ ಮುಗಿಯುವ ದಿನಾಂಕವನ್ನು ಅಚ್ಚು ಮಾಡಿರುತ್ತದೆ. ಕರಾವಳಿಯ ಉಪ್ಪುಗಾಳಿಗೆ ತಂತಿಯ ಕೊಂಡಿಗಳು ಬೇಗ ಕಿಲುಬು ಹಿಡಿಯುತ್ತವೆ. ದಿನವೂ ಬೆಳಿಗ್ಗೆ ಪಾಳಿ ಬದಲಾಗುವಾಗ ಡೀಸೆಲ್ಲನ್ನೂ ಚಕ್ರದ ಗಾಳಿಯನ್ನೂ ಪರೀಕ್ಷಿಸುವಂತೆ, ಯಂತ್ರವನ್ನು ಹೊತ್ತಿಸಿ, ಪರೀಕ್ಷೆಗಾಗಿ ಒಮ್ಮೆ ವಿದ್ಯುತ್ತನ್ನು ತುಂಬಿ ಬಿಡುಗಡೆ ಮಾಡಿ, ಪುಸ್ತಕದಲ್ಲಿ ಸಹಿ ಹಾಕಬೇಕು. ಇದಕ್ಕೆ ಹಿಡಿಯುವುದು ಐದು ನಿಮಿಷ. ಆ ಪುಸ್ತಕವನ್ನು ತಿಂಗಳಿಗೊಮ್ಮೆಯಾದರೂ ತೆರೆದು ನೋಡುವ ಅಧಿಕಾರಿಯೊಬ್ಬನು ಜಿಲ್ಲೆಗೆ ಬೇಕು.